ನಿಂತ ಗಾಡಿಯ ಪಾಠ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಿರಿಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಮಿತಿಯವರು ಫೋನ್ ಮಾಡಿ, "ನಿಮ್ಮ ಸಾಧನೆಯ ಬಗ್ಗೆ ಹದಿನೈದು ನಿಮಿಷ ಮಾತಾಡಿ" ಅಂದರು. ನಾನು ಮೈಸೂರಿನಲ್ಲಿ ಬೈಕ್ ರಿಪೇರಿ ಮಾಡಿಕೊಂಡು ಬದುಕಿದವನು. ಸಾಧನೆ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ನನಗೆ ಗೊತ್ತಿರುವುದು ಒಂದೇ, ನಿಂತುಹೋದ ಗಾಡಿಯನ್ನು ಓಡುವಂತೆ ಮಾಡುವುದು. ಅದನ್ನೇ ಹೇಳುತ್ತೇನೆ. ನೀವು ಒಳಗೆ ಬರುವಾಗ ಹೊಂಗೆ ಮರದ ಕೆಳಗೆ ಕೆಂಪು ಬಣ್ಣದ ಹಳೆಯ ಬೈಕ್ ಒಂದು ನಿಂತಿರುವುದನ್ನು ನೋಡಿರಬಹುದು. ಆ ಗಾಡಿಯ ಕಥೆ ಇದು. ಅದರಲ್ಲಿ ನನ್ನದೊಂದು ತಪ್ಪೂ ಇದೆ. ಈ ಐವತ್ತರ ಸಂಭ್ರಮದಲ್ಲಿ ಅದನ್ನು ಎಲ್ಲರೆದುರು ಒಪ್ಪಿಕೊಂಡು ಹಗುರಾಗೋಣ ಅಂತ ಬಂದಿದ್ದೇನೆ.

ಆ ಗಾಡಿ ನಮ್ಮ ವಿಜ್ಞಾನದ ಮೇಷ್ಟ್ರದು. ಇಗೋ, ಇಲ್ಲೇ ಕೂತಿದ್ದಾರೆ. 1969ರ ಜಾವಾ 250. ಅವರು ಅದನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡದ್ದು 1976ರಲ್ಲಿ. ಒಂಬತ್ತು ಕಿಲೋಮೀಟರ್ ದೂರದ ತಮ್ಮ ಊರಿನಿಂದ ದಿನಾ ಅದರಲ್ಲೇ ಬರುತ್ತಿದ್ದರು. ಕೆರೆ ಏರಿಯ ಮೇಲೆ ಅದರ ಸದ್ದು ಕೇಳಿದರೆ ಸಾಕು, ನಾವು ಮೈದಾನದಿಂದ ಓಡಿ ಬಂದು ಸಾಲಾಗಿ ನಿಲ್ಲುತ್ತಿದ್ದೆವು. ಆ ಸದ್ದೇ ನಮಗೆ ಮೊದಲನೇ ಗಂಟೆ.

ಈಗಿನ ಮಕ್ಕಳಿಗೆ ಒಂದು ಮಾತು. ಜಾವಾ ಅಂದರೆ ಮೂಲದಲ್ಲಿ ಜೆಕೊಸ್ಲೊವಾಕಿಯಾ ದೇಶದ ಕಂಪನಿ. ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯನ್ನು ಕೊಂಡುಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರ, ಆ ಕಂಪನಿಯ ಹೆಸರಿನ ಮೊದಲೆರಡು ಅಕ್ಷರ ಸೇರಿಸಿ ಜಾವಾ ಅಂತ ಹೆಸರಿಟ್ಟ. ನಮ್ಮ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಆ ಬೈಕುಗಳನ್ನು ತಯಾರಿಸಿತು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಮ್ಮ ಸುತ್ತಮುತ್ತಲಿನ ಊರುಗಳ ಎಷ್ಟೋ ಮನೆಗಳ ಅನ್ನ ಆ ಕಾರ್ಖಾನೆಯಿಂದ ಬಂದದ್ದು.

ಮೇಷ್ಟ್ರು ಗಾಡಿಯನ್ನು ಬರೀ ಓಡಿಸಲಿಲ್ಲ, ಅದರಿಂದ ಪಾಠವನ್ನೂ ಮಾಡಿದರು. ಸಿಲಿಂಡರಿನ ಘನಫಲ ಕಂಡುಹಿಡಿಯುವುದನ್ನು ಎಲ್ಲರೂ ಬಾವಿ, ಡ್ರಮ್ಮು ಇಟ್ಟುಕೊಂಡು ಹೇಳಿಕೊಟ್ಟರೆ ಇವರು ಬೋರ್ಡಿನ ಮೇಲೆ ಜಾವಾದ ಸಿಲಿಂಡರ್ ಬರೆಯುತ್ತಿದ್ದರು. ಅಡ್ಡಳತೆ 65 ಮಿಲಿಮೀಟರ್, ಪಿಸ್ಟನ್ ಏರಿಳಿಯುವ ದೂರ 75 ಮಿಲಿಮೀಟರ್. ತ್ರಿಜ್ಯದ ವರ್ಗವನ್ನು 22/7ರಿಂದ ಗುಣಿಸಿ, ಎತ್ತರದಿಂದ ಗುಣಿಸಿದರೆ ಸುಮಾರು 249 ಘನ ಸೆಂಟಿಮೀಟರ್. "ಅದಕ್ಕೇ ಕಣ್ರೋ ಇದನ್ನ 250 ಅನ್ನೋದು" ಅನ್ನುತ್ತಿದ್ದರು. ಗಾಡಿಗೆ ಎಣ್ಣೆ ಬೆರೆಸಿದ ಪೆಟ್ರೋಲ್ ಹಾಕಬೇಕಿತ್ತು. ಅನುಪಾತದ ಪಾಠವೂ ಅಲ್ಲಿಂದಲೇ. 1:20 ಅಂದರೆ ಲೀಟರಿಗೆ 50 ಮಿಲಿಲೀಟರ್, 1:25 ಅಂದರೆ 40.

ಇಷ್ಟು ಚೆನ್ನಾಗಿ ಹೇಳಿಕೊಟ್ಟರೂ ನಾನು 1982ರ ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಫೇಲಾದೆ. ಅಪ್ಪ ಕುರಿ ಮೇಯಿಸಲು ಹೋಗು ಅಂದರು. ಮೇಷ್ಟ್ರು ಮನೆಗೆ ಬಂದು ಅಪ್ಪನ ಹತ್ತಿರ ಮಾತಾಡಿ, ನನ್ನನ್ನು ಅದೇ ಜಾವಾದ ಹಿಂದೆ ಕೂರಿಸಿಕೊಂಡು ಮೈಸೂರಿಗೆ ಕರೆದುಕೊಂಡು ಹೋಗಿ ತಮಗೆ ಗೊತ್ತಿದ್ದ ಒಂದು ಗ್ಯಾರೇಜಿನಲ್ಲಿ ಬಿಟ್ಟರು. "ಲೋ, ಅಕ್ಟೋಬರ್‌ನಲ್ಲಿ ಪರೀಕ್ಷೆನೂ ಕಟ್ಟಬೇಕು" ಅಂದರು. ಕಟ್ಟಿದೆ. 37 ಅಂಕ ಬಂತು. ಮುಂದೆ ನನ್ನದೇ ಗ್ಯಾರೇಜು ಆಯಿತು. ಮೇಷ್ಟ್ರ ಗಾಡಿಯ ಸರ್ವಿಸ್ ನಾನೇ ಮಾಡುತ್ತಿದ್ದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. 1998ರಲ್ಲಿ ಮೇಷ್ಟ್ರು ಗಾಡಿ ತಂದು, "ಎಳೀತಾ ಇಲ್ಲ ಕಣೋ, ನೋಡು" ಅಂದರು. ಸಿಲಿಂಡರಿನ ಹೆಡ್ ಬಿಚ್ಚಿ ನೋಡಿದೆ. ಬೋರ್ ಮಾಡಿಸಬೇಕಿತ್ತು. ಹೆಡ್ಡನ್ನು ಹಾಗೇ ಕೂರಿಸಿ, ನಟ್ಟುಗಳನ್ನು ಕೈಯಲ್ಲೇ ತಿರುಗಿಸಿ, ಗಾಡಿಯನ್ನು ಮೂಲೆಗೆ ತಳ್ಳಿ, "ಸೋಮವಾರ ಬನ್ನಿ ಸಾರ್" ಅಂದೆ. ಆಗ ಎಲ್ಲೆಲ್ಲೂ ಹೊಸ ನೂರು ಸಿಸಿ ಗಾಡಿಗಳು. ಬೆಳಿಗ್ಗೆ ಬಂದ ಗಾಡಿಯನ್ನು ಸಂಜೆ ಕೊಟ್ಟರೆ ಕೈಯಲ್ಲಿ ದುಡ್ಡು. ಜಾವಾ ಎರಡು ದಿನದ ಕೆಲಸ, ಬಿಡಿಭಾಗಕ್ಕೂ ಅಲೆಯಬೇಕು. ಸೋಮವಾರ ಬಂದರೆ ಶುಕ್ರವಾರ ಅಂದೆ. ಶುಕ್ರವಾರ ಬಂದರೆ ನಾಳೆ ಅಂದೆ. ನಮ್ಮ ಕಡೆ ದೆವ್ವ ಬಾರದಿರಲಿ ಅಂತ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರಲ್ಲ, ನನ್ನ ಗ್ಯಾರೇಜಿನಲ್ಲಿ ಬರೆದಿರಲಿಲ್ಲ, ಬಾಯಲ್ಲೇ ಇತ್ತು. ನನಗೆ ದಾರಿ ತೋರಿಸಿದ ಗುರುವಿಗೇ ಅದನ್ನು ಹೇಳಿದೆ.

ಹೀಗೆ ಹನ್ನೊಂದು ವಾರ ಕಳೆಯಿತು. ಒಂದು ಸಂಜೆ ಮೇಷ್ಟ್ರು ತಮ್ಮ ಮಗನ ಜೊತೆ ಟೆಂಪೊ ತಂದು ಗಾಡಿ ಏರಿಸಿದರು. ಬೈಯಲಿಲ್ಲ. "ಪರವಾಗಿಲ್ಲಪ್ಪ, ನಿಮಗೂ ಕೆಲಸ ಜಾಸ್ತಿ ಇರುತ್ತೆ" ಅಂದರು. ಹದಿನೈದು ವರ್ಷ ನನ್ನನ್ನು "ಲೋ" ಅಂದವರು ಅವತ್ತು "ನಿಮಗೂ" ಅಂದರು. ಅವರು ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಗಾಡಿ ಅವರ ಮನೆಯ ಹಿಂದಿನ ಕೊಟ್ಟಿಗೆ ಸೇರಿತು. ಮರುವರ್ಷ ಅವರು ನಿವೃತ್ತರಾದರು. ನೌಕರಿಯ ಕೊನೆಯ ವರ್ಷ ಪೂರ್ತಿ ಅವರು ಬಸ್ಸಿನಲ್ಲಿ ಬಂದು, ಕ್ರಾಸಿನಿಂದ ನಡೆದು ಶಾಲೆಗೆ ಬಂದರು ಅಂತ ಆಮೇಲೆ ತಿಳಿಯಿತು. ಹಬ್ಬಕ್ಕೆ ಊರಿಗೆ ಬಂದಾಗ ಅವರ ಬೀದಿ ತಪ್ಪಿಸಿ ಓಡಾಡುತ್ತಿದ್ದೆ.

ಈ ವರ್ಷ ಜನವರಿಯಲ್ಲಿ ಸುವರ್ಣ ಮಹೋತ್ಸವದ ಮೊದಲ ಸಭೆ ಸೇರಿದಾಗ ಯಾರೋ, "ಮೇಷ್ಟ್ರ ಜಾವಾ ಇನ್ನೂ ಕೊಟ್ಟಿಗೆಯಲ್ಲೇ ಇದೆಯಂತೆ, ಗುಜರಿಗೆ ಹಾಕ್ತಾರಂತೆ" ಅಂದರು. ಅವತ್ತೇ ಸಂಜೆ ಅವರ ಮನೆಗೆ ಹೋದೆ. ಅಮ್ಮ ಕಾಫಿ ಕೊಟ್ಟರು. ಮೇಷ್ಟ್ರಿಗೆ 83. ಕಿವಿ ಸ್ವಲ್ಪ ಮಂದ, ಮಾತು ಅಷ್ಟೇ ಚುರುಕು. "ಗಾಡಿ ನಾನು ಸರಿ ಮಾಡ್ತೀನಿ ಸಾರ್" ಅಂದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಮಾಡಿ. ಆದರೆ ಇಲ್ಲೇ, ನನ್ನ ಕಣ್ಣೆದುರಿಗೆ. ಗ್ಯಾರೇಜಿಗೆ ಕಳಿಸಲ್ಲ. ಬಣ್ಣ ಬಳಿಯೋ ಹಾಗಿಲ್ಲ" ಅಂದರು. ಇನ್ನೂ "ಮಾಡಿ" ಅಂತಲೇ.

ಭಾನುವಾರ ಭಾನುವಾರ ಹೋಗತೊಡಗಿದೆ. ಮಕ್ಕಳೇ, ಇಲ್ಲಿಂದ ಮುಂದೆ ಸ್ವಲ್ಪ ಗಮನವಿಟ್ಟು ಕೇಳಿ. ನಿಮ್ಮ ಮನೆಯಲ್ಲೂ ಅಜ್ಜನ ಕಾಲದ ಗಾಡಿ, ಪಂಪ್‌ಸೆಟ್ಟು ಏನಾದರೂ ನಿಂತಿರಬಹುದು.

ಮೊದಲ ದಿನ ಗೋಣಿಚೀಲ ತೆಗೆದ ಕೂಡಲೇ ನನ್ನ ಜೊತೆ ಬಂದಿದ್ದ ಹುಡುಗ ಕಿಕ್ ಮೇಲೆ ಕಾಲಿಟ್ಟ. ಕೈ ಹಿಡಿದು ಕೆಳಗಿಳಿಸಿದೆ. ಎಲ್ಲರೂ ಮಾಡುವ ಮೊದಲ ತಪ್ಪು ಅದು. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ನಿನ ರಿಂಗುಗಳು ತುಕ್ಕು ಹಿಡಿದು ಸಿಲಿಂಡರಿಗೆ ಅಂಟಿರುತ್ತವೆ. ಜೋರಾಗಿ ತುಳಿದರೆ ರಿಂಗ್ ಮುರಿಯುತ್ತದೆ, ಸಿಲಿಂಡರ್ ಗೀರುತ್ತದೆ, ಕಿಕ್ಕಿನ ಹಲ್ಲುಗಳೂ ಹೋಗುತ್ತವೆ. ಇಪ್ಪತ್ತಾರು ವರ್ಷ ಮಲಗಿದವನನ್ನು ಒದ್ದು ಎಬ್ಬಿಸಬಾರದು.

ಪ್ಲಗ್ ಬಿಚ್ಚಿ, ಆ ತೂತಿನೊಳಗೆ ಎಂಜಿನ್ ಆಯಿಲ್ ಮತ್ತು ಡೀಸೆಲ್ ಬೆರೆಸಿ ಸುರಿದೆವು. ಒಂದು ವಾರ ಬಿಟ್ಟೆವು. ಮುಂದಿನ ಭಾನುವಾರ ಗಾಡಿಯನ್ನು ನಾಲ್ಕನೇ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ತೊಟ್ಟಿಲು ತೂಗಿದ ಹಾಗೆ ಒಂದಿಷ್ಟು ಮುಂದೆ, ಒಂದಿಷ್ಟು ಹಿಂದೆ ತೂಗಿದೆವು. ಅಲುಗಲಿಲ್ಲ. ಮತ್ತೆ ಎಣ್ಣೆ, ಮತ್ತೊಂದು ವಾರ. ಮೂರನೇ ಭಾನುವಾರ ಕೂದಲೆಳೆಯಷ್ಟು ಅಲುಗಿತು. ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತರು.

ಆಮೇಲೆ ಹೆಡ್ ಬಿಚ್ಚಲು ಪಾನಾ ಹಾಕಿದೆ. ಪಾನಾ ಬೇಕಾಗಲೇ ಇಲ್ಲ. ನಟ್ಟುಗಳು ಸಡಿಲವಾಗಿದ್ದವು. 1998ರಲ್ಲಿ ನಾನೇ ಕೈಯಲ್ಲಿ ತಿರುಗಿಸಿ ಬಿಟ್ಟಿದ್ದವು ಅವು. ಆ ಸಂದಿಯಲ್ಲಿ ಇಪ್ಪತ್ತಾರು ಮಳೆಗಾಲದ ತೇವ ಒಳಗೆ ಇಳಿದಿತ್ತು. ಪಿಸ್ಟನ್ ನಿಂತಿದ್ದ ಜಾಗದಲ್ಲಿ ಸಿಲಿಂಡರಿನ ಸುತ್ತ ಬಳೆಯ ಹಾಗೆ ತುಕ್ಕಿನ ಗೆರೆ. ಗಾಡಿ ಓಡಿ ಸವೆದದ್ದಕ್ಕಿಂತ ಜಾಸ್ತಿ ಅದು ನಿಂತು ಕೆಟ್ಟಿತ್ತು. ಅದೂ ನನ್ನ ಕೈಯಿಂದ. ಮೇಷ್ಟ್ರಿಗೆ ತೋರಿಸಿ, "ಇದು ನನ್ನ ಕೆಲಸ ಸಾರ್" ಅಂದೆ. ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಹೂಂ, ಗೊತ್ತಿತ್ತು" ಅಂದರು. ಅಷ್ಟೇ.

ಇದು ಟೂ ಸ್ಟ್ರೋಕ್ ಎಂಜಿನ್. ಇದರಲ್ಲಿ ಕ್ರ್ಯಾಂಕಿನ ಬೇರಿಂಗುಗಳಿಗೆ ಬೇರೆ ಎಣ್ಣೆ ಇಲ್ಲ. ಪೆಟ್ರೋಲಿನ ಜೊತೆ ಬೆರೆತು ಬರುವ ಎಣ್ಣೆಯೇ ಅವುಗಳ ಆಹಾರ. ಗಾಡಿ ನಿಂತರೆ ಊಟವೂ ನಿಂತಂತೆ. ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳು ಒಣಗಿ ಕಲ್ಲಾಗಿದ್ದವು. ಅಲ್ಲಿಂದ ಹೊರಗಿನ ಗಾಳಿ ಒಳಗೆ ನುಗ್ಗಿದರೆ ಪೆಟ್ರೋಲಿನ ಅಂಶ ಕಡಿಮೆಯಾಗಿ ಎಂಜಿನ್ ಅತಿಯಾಗಿ ಕಾದು ಪಿಸ್ಟನ್ ಜಾಮ್ ಆಗುತ್ತದೆ. ಆದ್ದರಿಂದ ಎಂಜಿನ್ ಪೂರ್ತಿ ಬಿಚ್ಚಿ, ಬೇರಿಂಗು, ಸೀಲು ಎರಡನ್ನೂ ಬದಲಿಸಿದೆವು. ಅಂಟಿಕೊಂಡಿದ್ದ ಕ್ಲಚ್ ಪ್ಲೇಟುಗಳನ್ನು ಬಿಡಿಸಿದೆವು. ಗೇರ್‌ಬಾಕ್ಸಿನ ಹಳೆಯ ಎಣ್ಣೆ ಚೆಲ್ಲಿ ಹೊಸದು ಹಾಕಿದೆವು. ಸಿಲಿಂಡರನ್ನು ಮಾತ್ರ ಮೈಸೂರಿಗೆ ಒಯ್ದು ಲೇತಿನವರ ಹತ್ತಿರ ಅರ್ಧ ಮಿಲಿಮೀಟರ್ ಹೆಚ್ಚಿಗೆ ಬೋರ್ ಮಾಡಿಸಿ, ಆ ಅಳತೆಯ ಪಿಸ್ಟನ್ ಹುಡುಕಿ ತಂದೆ.

ಸಿಲಿಂಡರ್ ವಾಪಸ್ ತಂದ ದಿನ ಮೇಷ್ಟ್ರು ಕೇಳಿದರು: "ಅಡ್ಡಳತೆ ಈಗ ಎಷ್ಟು?" 65.5 ಅಂದೆ. "ಹಾಗಾದರೆ ಘನಫಲ?" ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಲ್ಲಿ ಲೆಕ್ಕ ಮಾಡಿದೆ. ನನ್ನ ಹುಡುಗ ಮೊಬೈಲ್ ತೆಗೆದ. ಮೇಷ್ಟ್ರು ಕಣ್ಣು ಬಿಟ್ಟರು, ಒಳಗಿಟ್ಟ. ಸುಮಾರು 253 ಬಂತು. "ನಾಲ್ಕು ಸಿಸಿ ಜಾಸ್ತಿ ಆಯ್ತು ಸಾರ್." ಅವರು ನಕ್ಕು, "ಲೋ, ಪಾಸಾದೆ ಕಣೋ" ಅಂದರು. ಇಪ್ಪತ್ತಾರು ವರ್ಷದ ಮೇಲೆ ಆ "ಲೋ" ಕೇಳಿದೆ. ಕೈ ತೊಳೆಯುವ ನೆಪದಲ್ಲಿ ಬಚ್ಚಲ ಕಡೆ ಹೋಗಿ ಬಂದೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಪೆಟ್ರೋಲ್ ಟ್ಯಾಂಕಿನ ತಳದಲ್ಲಿ ಹಳೆಯ ಪೆಟ್ರೋಲು ಇಂಗಿ ಅಂಟಾಗಿತ್ತು, ಮೇಲೆ ತುಕ್ಕು. ಸೀಮೆಎಣ್ಣೆಯ ಜೊತೆ ಸಣ್ಣ ನಟ್ಟುಗಳನ್ನು ಹಾಕಿ ಕುಲುಕಿ ಕುಲುಕಿ ತೊಳೆದು, ಬಿಸಿಲಿಗೆ ಒಣಗಿಸಿದೆವು. ನಟ್ಟು ಎಷ್ಟು ಹಾಕಿದೆವೋ ಅಷ್ಟೂ ಹೊರಗೆ ಬಂದವೇ ಅಂತ ಎಣಿಸಬೇಕು, ಮರೆಯಬೇಡಿ. ಕಾರ್ಬೊರೇಟರಿನ ಜೆಟ್ಟಿನಲ್ಲಿ ಸೂಜಿಯ ಮೊನೆಯಂಥ ತೂತು ಇರುತ್ತದೆ. ಅದು ಕಟ್ಟಿದ್ದರೆ ಕಬ್ಬಿಣದ ತಂತಿ ತೂರಿಸಬಾರದು, ತೂತು ದೊಡ್ಡದಾದರೆ ಲೆಕ್ಕವೇ ತಪ್ಪುತ್ತದೆ. ಪೆಟ್ರೋಲಿನಲ್ಲಿ ನೆನೆಸಿ ಗಾಳಿ ಹೊಡೆಯಬೇಕು. ಇಲಿ ಕಡಿದ ವೈರುಗಳನ್ನು ಬದಲಿಸಿ, ಆರು ವೋಲ್ಟಿನ ಬ್ಯಾಟರಿ ಹುಡುಕಿ ತಂದು, ಪಾಯಿಂಟ್ ಉಜ್ಜಿ, ಸಂದಿಯನ್ನು 0.4 ಮಿಲಿಮೀಟರಿಗೆ ಹೊಂದಿಸಿದೆವು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುತ್ತದೆ. ಅದು ನೀರಿನಂಶ ಹೀರುತ್ತದೆ, ಹಳೆಯ ರಬ್ಬರಿಗೂ ಆಗಿ ಬರುವುದಿಲ್ಲ. ಹಾಗಾಗಿ ಪೈಪು, ವಾಷರು ಎಲ್ಲ ಹೊಸದು. ಟೈರು, ಟ್ಯೂಬು, ಬ್ರೇಕ್ ಶೂ, ಕೇಬಲ್ಲುಗಳೂ ಹೊಸವು. ಗಾಡಿ ಓಡುವ ಮೊದಲು ನಿಲ್ಲುವುದನ್ನು ಕಲಿಯಬೇಕು.

ಜೂನ್ ತಿಂಗಳ ಒಂದು ಭಾನುವಾರ, ಎಲ್ಲ ಸಿದ್ಧ. ಅಮ್ಮ ಊದಿನಕಡ್ಡಿ ಹಚ್ಚಿ ನಿಂಬೆಹಣ್ಣು ಇಟ್ಟರು. ಲೀಟರಿಗೆ 50 ಮಿಲಿಲೀಟರ್ ಎಣ್ಣೆ ಬೆರೆಸಿದ ಪೆಟ್ರೋಲ್ ಹಾಕಿದೆವು. ಜಾವಾದಲ್ಲಿ ಕಿಕ್ಕು, ಗೇರು ಎರಡೂ ಎಡಗಡೆಯ ಒಂದೇ ಲಿವರ್. ಅದನ್ನು ಹಿಂದಕ್ಕೆ ತಿರುಗಿಸಿ ತುಳಿದೆ. ನಾಲ್ಕನೆಯ ಕಿಕ್ಕಿಗೆ ಹತ್ತಿತು. ಬೀದಿಯವರೆಲ್ಲ ಓಡಿ ಬಂದರು. ಆದರೆ ಎರಡು ನಿಮಿಷವೂ ಆಗಿಲ್ಲ, ಕೆಮ್ಮಿ ಕೆಮ್ಮಿ ನಿಂತಿತು. ಮತ್ತೆ ಹತ್ತಿತು, ಮತ್ತೆ ನಿಂತಿತು. ಪ್ಲಗ್ ನೋಡಿದೆ, ಕಿಡಿ ಬರುತ್ತಿದೆ. ಕಾರ್ಬೊರೇಟರ್ ಬಿಚ್ಚಿದೆ, ಪೆಟ್ರೋಲ್ ಬರುತ್ತಿದೆ. ನಲವತ್ತು ವರ್ಷದ ಅನುಭವ ಅಂತ ಹೇಳಿಕೊಳ್ಳುವ ನಾನು ಬೆವರಿದೆ.

ಮೇಷ್ಟ್ರು ಕೋಲೂರಿಕೊಂಡು ಬಂದು ಗಾಡಿಯ ಹಿಂದೆ ಬಗ್ಗಿ ಕೂತರು. "ಹೊಡಿ ಕಿಕ್ಕು" ಅಂದರು. ಈ ಗಾಡಿಗೆ ಸಿಲಿಂಡರ್ ಒಂದೇ ಆದರೂ ಹೊಗೆ ಹೋಗಲು ಎರಡು ದಾರಿ, ಎರಡು ಸೈಲೆನ್ಸರ್. ಎರಡರ ಹಿಂದೆಯೂ ಒಂದೊಂದು ಅಂಗೈ ಹಿಡಿದರು. "ಬಲಗಡೆ ಸರಿ ಇದೆ. ಎಡಗಡೆ ಉಸಿರೇ ಇಲ್ಲ ಕಣೋ" ಅಂದರು. ನನಗೆ ನೆನಪಾಯಿತು. ಸೈಲೆನ್ಸರ್ ತೊಳೆಯುವ ದಿನ ಬಲಗಡೆಯದರ ಒಳಗಿನ ಕೊಳವೆ ಸಲೀಸಾಗಿ ಬಂದಿತ್ತು, ಎಡಗಡೆಯದು ಬಿಗಿದುಕೊಂಡಿತ್ತು. ಹುಡುಗ, "ಏನ್ಮಾಡ್ಲಿ?" ಅಂದಾಗ ನಾನೇ ಹೇಳಿದ್ದೆ: "ಇರ್ಲಿ ಬಿಡು, ನಾಳೆ ನೋಡೋಣ."

ಬಿಚ್ಚಿ ನೋಡಿದರೆ ಒಳಗೆ ಕಣಜ ಹುಳ ಕಟ್ಟಿದ ಮಣ್ಣಿನ ಗೂಡು, ಹಳೆಯ ಮಸಿ, ಎರಡೂ ಸೇರಿ ಬಿರಡೆ ಹಾಕಿದ ಹಾಗಿತ್ತು. ಒಳಗಿನ ಹೊಗೆ ಹೊರಗೆ ಹೋಗದಿದ್ದರೆ ಹೊಸ ಗಾಳಿ ಒಳಗೆ ಬರುವುದಿಲ್ಲ. ಅರ್ಧ ಗಂಟೆಯ ಕೆಲಸ. ಅದನ್ನು ಮುಗಿಸಿ ಒಂದೇ ಕಿಕ್ಕು ಹೊಡೆದದ್ದು, ಆ ಹಳೆಯ ಸದ್ದು ಬಂತು. ಇಲ್ಲಿರುವ ನನ್ನ ವಯಸ್ಸಿನವರಿಗೆ ಆ ಸದ್ದನ್ನು ವರ್ಣಿಸಬೇಕಾಗಿಲ್ಲ. ಮೇಷ್ಟ್ರು ಅದನ್ನು ಕೇಳುತ್ತಾ ನಿಂತು, "ನಾಳೆ ಅಂದಿದ್ದೆ ಅಲ್ವಾ?" ಅಂತ ಕೇಳಿದರು. ಸೈಲೆನ್ಸರಿನ ವಿಷಯ ಕೇಳಿದರೋ, 1998ರ ವಿಷಯ ಕೇಳಿದರೋ ಗೊತ್ತಾಗಲಿಲ್ಲ. "ಹೌದು ಸಾರ್" ಅಂದೆ. ಎರಡಕ್ಕೂ ಉತ್ತರ ಅದೇ.

ಬಿಲ್ ಬರಿ ಅಂತ ಹಟ ಹಿಡಿದರು. ಬಿಡಿಭಾಗ ಮತ್ತು ಬೋರಿನ ಖರ್ಚು ಬರೆದೆ, ಕೂಲಿಯ ಜಾಗ ಖಾಲಿ ಬಿಟ್ಟೆ. ಖರ್ಚಿನ ದುಡ್ಡು ಎಣಿಸಿ ಕೊಟ್ಟರು. ಕೂಲಿಯ ಜಾಗದಲ್ಲಿ ಕೆಂಪು ಪೆನ್ನಿನಲ್ಲಿ 'ಬಾಕಿ ಇಲ್ಲ' ಅಂತ ಬರೆದು, ನಮ್ಮ ನೋಟ್ ಬುಕ್ಕಿಗೆ ಹಾಕುತ್ತಿದ್ದ ಹಾಗೆ ಸಹಿ ಹಾಕಿದರು. ಆ ಬಿಲ್ಲಿಗೆ ಫ್ರೇಮ್ ಹಾಕಿಸಿ ಗ್ಯಾರೇಜಿನಲ್ಲಿ ತೂಗುಹಾಕಿದ್ದೇನೆ.

ಇನ್ನೊಂದು ಮಾತು. ಇವತ್ತು ಗಾಡಿಯನ್ನು ಓಡಿಸಿಕೊಂಡು ಬಂದಿಲ್ಲ, ಗೂಡ್ಸ್ ಆಟೋದಲ್ಲಿ ತಂದಿದ್ದೇವೆ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಿಸದೆ ರಸ್ತೆಗೆ ಇಳಿಸುವಂತಿಲ್ಲ. ಅರ್ಜಿ ಹಾಕಿದ್ದೇವೆ, ಪತ್ರ ಇನ್ನೂ ಬಂದಿಲ್ಲ. "ಮಕ್ಕಳೆದುರಿಗೆ ಕಾನೂನು ಮುರಿದು ಬರಲ್ಲ" ಅಂತ ಮೇಷ್ಟ್ರು ಖಡಾಖಂಡಿತವಾಗಿ ಹೇಳಿದರು. ಟೂ ಸ್ಟ್ರೋಕ್ ಗಾಡಿ ಎಣ್ಣೆಯನ್ನೂ ಸುಡುವುದರಿಂದ ಹೊಗೆ ಜಾಸ್ತಿ. ಅಂಥ ಗಾಡಿಗಳು ಹಿಂದೆ ಸರಿದದ್ದು ಒಳ್ಳೆಯದೇ. ದಿನಾ ಓಡಿಸುವುದಕ್ಕಲ್ಲ, ನೋಡಿ ಕಲಿಯುವುದಕ್ಕೆ ಇದು ಇರಲಿ. ಅದರ ಹಳೆಯ ಪಿಸ್ಟನ್, ಕ್ಲಚ್ ಪ್ಲೇಟು, ಬೇರಿಂಗುಗಳನ್ನು ತೊಳೆದು ಹಲಗೆಗೆ ಕೂರಿಸಿ ಶಾಲೆಯ ಪ್ರಯೋಗಾಲಯಕ್ಕೆ ಕೊಟ್ಟಿದ್ದೇನೆ. ಮುಟ್ಟಿ ನೋಡಿ. ಭಾನುವಾರ ಗ್ಯಾರೇಜಿಗೆ ಬಂದರೆ ಬಿಚ್ಚಿ ಜೋಡಿಸುವುದನ್ನೂ ತೋರಿಸುತ್ತೇನೆ. ಹುಡುಗಿಯರೂ ಬನ್ನಿ, ಪಾನಾಕ್ಕೆ ಹಿಡಿಯುವ ಕೈ ಯಾರದೆಂದು ತಿಳಿಯುವುದಿಲ್ಲ.

ಮಕ್ಕಳೇ, ಈ ಸಲ ನಿಮ್ಮಲ್ಲಿ ಯಾರಾದರೂ ಫೇಲಾದರೆ ಎದೆಗುಂದಬೇಡಿ. ಫೇಲಾಗುವುದು ಅಂದರೆ ಗಾಡಿ ನಿಲ್ಲುವುದು, ಅಷ್ಟೇ. ನಿಂತ ಗಾಡಿ ಕೆಟ್ಟ ಗಾಡಿ ಅಲ್ಲ. ಎಲ್ಲಿ ಬಿಗಿದಿದೆ ನೋಡಿ, ಎಣ್ಣೆ ಹಾಕಿ, ಕಾಯಿರಿ, ಮೆಲ್ಲಗೆ ತೂಗಿ. ಹೆತ್ತವರಿಗೂ ಇದೇ ಮಾತು: ಒದೆಯಬೇಡಿ, ಮುರಿಯುತ್ತದೆ. ಆದರೆ ನಾಳೆ ನೋಡೋಣ ಅಂತ ಕೊಟ್ಟಿಗೆಗೆ ತಳ್ಳಬೇಡಿ. ತುಕ್ಕು ಹತ್ತುವುದು ಅಲ್ಲಿ.

ಸಾರ್, ನಿಮ್ಮ ಗಾಡಿಯನ್ನು ಇಪ್ಪತ್ತಾರು ವರ್ಷ ತಡವಾಗಿ ಡೆಲಿವರಿ ಕೊಡುತ್ತಿದ್ದೇನೆ. ಕ್ಷಮಿಸಿ. ಕಾರ್ಯಕ್ರಮ ಮುಗಿದ ಮೇಲೆ ಮೇಷ್ಟ್ರು ಗಾಡಿಯ ಮೇಲೆ ಕೂರುತ್ತಾರೆ, ನಾನು ಕಿಕ್ ಹೊಡೆಯುತ್ತೇನೆ. ಹಿರಿಯ ವಿದ್ಯಾರ್ಥಿಗಳೆಲ್ಲ ಅಭ್ಯಾಸದಂತೆ ಓಡಿ ಬಂದು ಸಾಲಾಗಿ ನಿಲ್ಲಬೇಕು. ಮೊದಲನೇ ಗಂಟೆ ಆಯಿತು ಅಂತ ತಿಳಿದುಕೊಳ್ಳಿ.

 ಜೈ ಹಿಂದ್, ಜೈ ಕರ್ನಾಟಕ.